ಮೂರು ನದಿಗಳ ತವರಿಗೆ ಹೋಗುವ ಮುನ್ನ

ಶಿವಮೊಗ್ಗದಲ್ಲಿ ನಲ್ಲಿ ತಿರುಗಿಸಿದರೆ ತುಂಗೆ ಬರುತ್ತಾಳೆ. ಭದ್ರಾವತಿಗೆ ಹೆಸರು ಕೊಟ್ಟವಳು ಭದ್ರೆ. ಮಂಗಳೂರಿನ ಮನೆಗಳಿಗೆ ತುಂಬೆಯ ಅಣೆಕಟ್ಟಿನಿಂದ ಬರುವುದು ನೇತ್ರಾವತಿಯ ನೀರು. ಈ ಮೂವರ ತವರೂ ಒಂದೇ ಬೆಟ್ಟಸಾಲು: ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಕೂಡುವಲ್ಲಿ ಹಬ್ಬಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನ. ರಜೆ ಸಿಕ್ಕಿತೆಂದು ಅಲ್ಲಿಗೆ ಹೊರಡುವವರಲ್ಲಿ ಬಹುಪಾಲು ಜನ ಶಿಖರದ ಮೇಲೆ ತೆಗೆಸಿಕೊಳ್ಳುವ ಒಂದು ಫೋಟೊವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುತ್ತಾರೆ. ನದಿಯ ತವರಿಗೆ ಹೋಗುತ್ತಿದ್ದೇನೆ ಎಂದುಕೊಂಡು ಹೊರಟರೆ ಅದೇ ಪ್ರವಾಸ ಬೇರೆಯದಾಗುತ್ತದೆ. ಯಾವಾಗ ಹೋಗಬೇಕು, ಎಲ್ಲಿ ಉಳಿಯಬೇಕು, ಏನು ಒಯ್ಯಬೇಕು, ಏನನ್ನು ಅಲ್ಲಿ ಬಿಟ್ಟು ಬರಬಾರದು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ಒಂದು ಅರಿವಿನಿಂದಲೇ ಹೊರಡುತ್ತದೆ.

ಇದು ಎಂಥ ಕಾಡು?

ಉದ್ಯಾನದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದದ್ದು 1987ರಲ್ಲಿ. ಸುಮಾರು 1890 ಮೀಟರ್ ಎತ್ತರದ ಮುಖ್ಯ ಶಿಖರವನ್ನು ಒಂದು ಬದಿಯಿಂದ ನೋಡಿದರೆ ಕುದುರೆಯ ಮೋರೆಯಂತೆ ಕಾಣುತ್ತದೆ. ಹೆಸರು ಬಂದದ್ದು ಹಾಗೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿ ಸೇರಿತು.

ಮೊದಲ ಸಲ ಹೋದವರಿಗೆ ಕಣ್ಣಿಗೆ ಬೀಳುವುದು ಒಂದು ವಿಚಿತ್ರ ನೋಟ. ಗುಡ್ಡದ ಬೆನ್ನೆಲ್ಲ ಬರೀ ಹುಲ್ಲು, ಎರಡು ಗುಡ್ಡ ಕೂಡುವ ಮಡಿಕೆಗಳಲ್ಲಿ ಮಾತ್ರ ದಟ್ಟ ಕಾಡು. ಯಾರೋ ಮರ ಕಡಿದು ಬೋಳು ಮಾಡಿದ್ದಾರೆಂದು ಹಲವರು ತಪ್ಪು ತಿಳಿಯುತ್ತಾರೆ. ಅದು ಹಾಗಲ್ಲ. ಎತ್ತರದ ಗುಡ್ಡಗಳಲ್ಲಿ ಬೀಸುವ ಗಾಳಿ, ತೆಳುವಾದ ಮಣ್ಣು, ಬೇಸಿಗೆಯ ಬೆಂಕಿ ಇವೆಲ್ಲದರ ನಡುವೆ ಮರಗಳು ನೆಲೆ ನಿಲ್ಲುವುದು ಮಣ್ಣೂ ತೇವವೂ ಶೇಖರವಾಗುವ ಕಣಿವೆಯ ಮಡಿಲಲ್ಲಿ. ಇವೇ ಶೋಲಾ ಕಾಡುಗಳು. ಕೆಲವೆಡೆ ವರ್ಷಕ್ಕೆ 6000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆಯನ್ನು ಹುಲ್ಲಿನ ಬೇರುಗಳು ತಡೆದು ಮಣ್ಣಿಗೆ ಇಳಿಸುತ್ತವೆ. ಶೋಲಾ ಅದನ್ನು ಹಿಡಿದಿಟ್ಟುಕೊಂಡು ಹನಿಹನಿಯಾಗಿ ಬಿಡುತ್ತದೆ. ಮಾರ್ಚಿನಲ್ಲೂ ಇಲ್ಲಿನ ಹಳ್ಳಗಳು ಹರಿಯುತ್ತಿರುವುದು ಈ ಜೋಡಿಯ ದುಡಿಮೆಯಿಂದ. ಹುಲ್ಲುಗುಡ್ಡವನ್ನು ಖಾಲಿ ಜಾಗ ಎಂದುಕೊಳ್ಳಬೇಡಿ. ಅದು ನದಿಯ ಮೊದಲ ಕೊಡ.

ಇಲ್ಲಿನ ಕಾಡನ್ನು ಉಳಿಸಿದ ಪ್ರಾಣಿಯೊಂದಿದೆ: ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಕೇಸರ, ತುದಿಯಲ್ಲಿ ಸಿಂಹದಂಥ ಕುಚ್ಚುಳ್ಳ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇದಿಲ್ಲ. 1980ರ ದಶಕದ ಮೊದಲ ಭಾಗದಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ಕರ್ನಾಟಕದ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. ಈ ಕಾಡಿಗೆ ರಕ್ಷಣೆ ಬೇಕೆಂಬ ಮಾತಿಗೆ ಆಧಾರ ಸಿಕ್ಕಿದ್ದು ಆ ಕೆಲಸದಿಂದ. ಸಿಂಗಳೀಕ ನೆಲಕ್ಕಿಳಿಯುವುದು ಕಡಿಮೆ. ಮರದಿಂದ ಮರಕ್ಕೆ ದಾರಿ ಕಡಿಯದ ಕಾಡೇ ಅದಕ್ಕೆ ಬೇಕು. ಇದರ ಜೊತೆಗೆ ಹುಲಿ, ಚಿರತೆ, ಸೀಳುನಾಯಿ, ಕಾಟಿ, ಕಡವೆ, ಕೆಂಚಳಿಲು, ಮಂಗಟ್ಟೆ ಹಕ್ಕಿ, ಕಾಳಿಂಗ ಸರ್ಪ ಇವೆಲ್ಲ ಇಲ್ಲಿವೆ. ಆದರೆ ಇದು ಬಂಡೀಪುರ, ನಾಗರಹೊಳೆಗಳಂತೆ ಜೀಪಿನಲ್ಲಿ ಕೂತು ಪ್ರಾಣಿ ನೋಡುವ ಕಾಡಲ್ಲ. ಹುಲಿ ನೋಡಲೇಬೇಕೆಂಬ ಆಸೆಯಿದ್ದರೆ ಅತ್ತ ಹೋಗಿ. ಇಲ್ಲಿಗೆ ಬರಬೇಕಾದವರು ನಡೆಯುವವರು, ಸುಮ್ಮನೆ ಕೂತು ಕಣಿವೆ ನೋಡಬಲ್ಲವರು.

ಗಣಿಯ ಊರು

ಕುದುರೆಮುಖ ಎಂಬ ಹೆಸರಿಗೆ ಇನ್ನೊಂದು ಕಥೆಯೂ ಅಂಟಿಕೊಂಡಿದೆ. 1976ರಲ್ಲಿ ಶುರುವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿನ ಗುಡ್ಡಗಳನ್ನು ಅಗೆದು, ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿತ್ತು. ಅಗೆದು ಉಳಿದ ಕೆಸರನ್ನು ತಡೆದಿಡಲೆಂದು ಕಟ್ಟಿದ್ದೇ ಲಕ್ಯಾ ಅಣೆಕಟ್ಟು. ಮಳೆಗಾಲದಲ್ಲಿ ಭದ್ರೆ ಕೆಂಪು ಮಣ್ಣು ಹೊತ್ತು ಹರಿಯುವುದನ್ನು ಕಂಡ ಜನ ಹೋರಾಟಕ್ಕಿಳಿದರು. ನಾಗರಹೊಳೆಯ ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಇಂದು ಕುದುರೆಮುಖ ಪಟ್ಟಣದಲ್ಲಿ ನೀವು ಕಾಣುವ ಖಾಲಿ ಮನೆಗಳ ಸಾಲು ಆ ಕಾಲದ್ದು. ಅದನ್ನು ದಾಟುವಾಗ ಮಕ್ಕಳಿಗೆ ಈ ಕಥೆ ಹೇಳಿ. ಒಂದು ಗುಡ್ಡ ಹೇಗೆ ಹೋಗುತ್ತಿತ್ತು, ಹೇಗೆ ಉಳಿಯಿತು ಎಂಬುದನ್ನು ಕಣ್ಣಾರೆ ತೋರಿಸಲು ನಾಡಿನಲ್ಲಿ ಇಂಥ ಇನ್ನೊಂದು ಜಾಗ ಸಿಗುವುದು ಕಷ್ಟ.

ಯಾವಾಗ ಹೋಗಬೇಕು?

ನನ್ನ ಮಾತು ಕೇಳುವುದಾದರೆ ಅಕ್ಟೋಬರಿನಿಂದ ಜನವರಿವರೆಗೆ. ಮಳೆ ಹಿಂದೆ ಸರಿದಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ಹಳ್ಳಗಳು ತುಂಬಿದ್ದರೂ ದಾಟುವಂತಿರುತ್ತವೆ, ಬೆಳಿಗ್ಗೆ ಮಂಜು ಕರಗಿದ ಮೇಲೆ ದೂರದವರೆಗೆ ಕಾಣುತ್ತದೆ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಘಟ್ಟ ಚೆಲುವಾಗಿರುವುದು ನಿಜ. ಆದರೆ ಆಗ ಹೋಗುವವರು ಮಳೆಯನ್ನು ನೋಡಲು ಹೋಗಬೇಕೇ ಹೊರತು ಶಿಖರ ಏರಲು ಅಲ್ಲ. ದಿನವಿಡೀ ಮಂಜು ಮುಚ್ಚಿರುತ್ತದೆ, ದಾರಿ ಜಾರುತ್ತದೆ, ರಸ್ತೆಗೆ ಗುಡ್ಡ ಕುಸಿಯುವುದುಂಟು, ಮಧ್ಯಾಹ್ನ ಮೊಣಕಾಲಿನವರೆಗಿದ್ದ ಹಳ್ಳ ಸಂಜೆಗೆ ಎದೆಯೆತ್ತರ ಆಗಿರಬಹುದು. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಸೂಚನೆ ನೋಡಿ. ಕೆಂಪು ಅಲರ್ಟ್ ಇದ್ದರೆ ಪ್ರವಾಸವನ್ನೇ ಮುಂದೂಡಿ.

ಫೆಬ್ರುವರಿಯಿಂದ ಮೇವರೆಗೆ ಹುಲ್ಲು ಒಣಗಿ ಒಂದು ಕಿಡಿಗೆ ಕಾಯುತ್ತಿರುತ್ತದೆ. ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಚಾರಣ ನಿಲ್ಲಿಸುವುದು ರೂಢಿ. ಮಕ್ಕಳ ಬೇಸಿಗೆ ರಜೆಗೆ ಇಲ್ಲಿ ಶಿಖರ ಏರುವ ಯೋಜನೆ ಹಾಕಿದರೆ ನಿರಾಸೆಯಾಗುತ್ತದೆ. ಆ ರಜೆಗೆ ಕಳಸ, ಹೊರನಾಡು, ಶೃಂಗೇರಿ ಕಡೆಯ ಸುತ್ತಾಟ ಸಾಕು. ಚಾರಣಕ್ಕೆ ದಸರಾ ಮುಗಿದ ಮೇಲಿನ ದಿನಗಳೇ ಚೆನ್ನ.

ಹೋಗುವ ದಾರಿ, ಉಳಿಯುವ ಜಾಗ

ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಬರುವುದು ಸಾಮಾನ್ಯ ದಾರಿ. ರಾತ್ರಿ ಹೊರಟು ಬೆಳಿಗ್ಗೆ ಕಳಸ, ಹೊರನಾಡು ತಲುಪಿಸುವ ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ. ಕರಾವಳಿಯಿಂದ ಬರುವವರು ಕಾರ್ಕಳ, ಬಜಗೋಳಿ, ಮಾಳ ದಾಟಿ ಘಟ್ಟ ಹತ್ತಿ, ಎಸ್.ಕೆ. ಬಾರ್ಡರ್ ಮೂಲಕ ಕುದುರೆಮುಖಕ್ಕೆ ಬರುತ್ತಾರೆ. ಎಸ್.ಕೆ. ಎಂದರೆ ಹಳೆಯ ಸೌತ್ ಕೆನರಾ ಜಿಲ್ಲೆ. ಜಿಲ್ಲೆಯ ಹೆಸರು ಹೋದರೂ ಗಡಿಯ ಹೆಸರು ಜನರ ಬಾಯಲ್ಲಿ ಉಳಿದಿದೆ. ಕುದುರೆಮುಖ ಪಟ್ಟಣದಿಂದ ಕಳಸಕ್ಕೆ ಸುಮಾರು 20 ಕಿಲೋಮೀಟರ್.

ಈ ರಸ್ತೆ ಉದ್ಯಾನದ ಒಳಗೇ ಹಾದುಹೋಗುತ್ತದೆ. ಚೆಕ್‌ಪೋಸ್ಟಿನಲ್ಲಿ ವಾಹನದ ವಿವರ ಬರೆಸಿ, ಅವರು ಹೇಳುವ ಸಮಯದೊಳಗೆ ದಾಟಬೇಕು. ನಡುವೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ಊಟದ ಡಬ್ಬಿ ಬಿಚ್ಚುವಂತಿಲ್ಲ. ಕತ್ತಲಾಗುವ ಮೊದಲೇ ಈ ರಸ್ತೆ ಮುಗಿಸುವಂತೆ ಹೊರಡಿ: ರಾತ್ರಿ ಮಂಜಿನಲ್ಲಿ ತಿರುವುಗಳು ಕಾಣುವುದಿಲ್ಲ, ರಸ್ತೆ ದಾಟುವ ಪ್ರಾಣಿಗಳಿಗೆ ನಿಮ್ಮ ದೀಪ ಕಣ್ಣು ಕುಕ್ಕುತ್ತದೆ. ಪೆಟ್ರೋಲನ್ನು ಕಾರ್ಕಳದಲ್ಲೋ ಮೂಡಿಗೆರೆಯಲ್ಲೋ ಕಳಸದಲ್ಲೋ ತುಂಬಿಸಿಕೊಳ್ಳಿ. ಮೊಬೈಲ್ ಸಿಗ್ನಲ್ ಬಹಳ ಕಡೆ ಇರುವುದಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಕೈಯಲ್ಲಿ ಸ್ವಲ್ಪ ನಗದು ಇರಲಿ.

ಉಳಿಯಲು ಸಂಸೆ, ಕಳಸ ಸುತ್ತಮುತ್ತ ಹೋಂಸ್ಟೇಗಳಿವೆ. ಕಾಡಿನೊಳಗೆ ಭಗವತಿ ಪ್ರಕೃತಿ ಶಿಬಿರವಿದೆ. ನನ್ನ ಆಯ್ಕೆ ಊರಿನವರೇ ನಡೆಸುವ ಸಣ್ಣ ಹೋಂಸ್ಟೇ. ಬೆಳಿಗ್ಗೆ ಕಡುಬೋ ಅಕ್ಕಿರೊಟ್ಟಿಯೋ, ಮಳೆಗಾಲವಾದರೆ ಕಳಲೆ ಪಲ್ಯ, ಸಂಜೆ ಬಿಸಿ ಕಷಾಯ, ಹಲಸಿನ ಹಪ್ಪಳ. ಅಲ್ಲಿ ನೀವು ಕೊಡುವ ಹಣ ಕಾಡಂಚಿನ ಮನೆಗೇ ಸೇರುತ್ತದೆ. ಕಾಡು ಉಳಿದರೆ ತಮಗೂ ಬದುಕುಂಟು ಎಂಬ ನಂಬಿಕೆ ಆ ಮನೆಗಳಲ್ಲಿ ಉಳಿಯುವುದು ಹಾಗೆ.

ಅನುಮತಿ ಮೊದಲು, ಬಸ್ ಟಿಕೆಟ್ ಆಮೇಲೆ

ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಬುಕಿಂಗ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ವಾರಾಂತ್ಯದ ಜಾಗಗಳು ಬೇಗ ಮುಗಿಯುತ್ತವೆ. ಮೊದಲು ಅನುಮತಿ ಪಡೆಯಿರಿ. ಬಸ್ಸು, ಹೋಂಸ್ಟೇ ಎಲ್ಲ ಆಮೇಲೆ. ಪ್ರತಿಯೊಬ್ಬರೂ ಗುರುತಿನ ಚೀಟಿಯ ಮೂಲಪ್ರತಿ ಇಟ್ಟುಕೊಳ್ಳಿ. ಶುಲ್ಕವೂ ನಿಯಮವೂ ಆಗಾಗ ಬದಲಾಗುವುದರಿಂದ ಬುಕಿಂಗ್ ದಿನ ಅಲ್ಲಿ ತೋರಿಸಿದ್ದನ್ನೇ ನಂಬಿ. ಯಾರೋ ಎರಡು ವರ್ಷದ ಹಿಂದೆ ಹೇಳಿದ್ದನ್ನಲ್ಲ. ಸಾಧ್ಯವಾದರೆ ವಾರದ ನಡುವಿನ ದಿನ ಆರಿಸಿ. ಗುಂಪು ಕಡಿಮೆ ಇದ್ದಾಗ ಕಾಡಿಗೂ ನಿಮಗೂ ನೆಮ್ಮದಿ.

ಮೂರು ದಿನ ಹೀಗೆ ಕಳೆಯಬಹುದು

*ಮೊದಲ ದಿನ, ಮೈ ಹದಗೊಳಿಸಿಕೊಳ್ಳಲು.* ಬೆಳಿಗ್ಗೆ ಕಳಸ ತಲುಪಿ ಸ್ವಲ್ಪ ವಿಶ್ರಾಂತಿ. ಭದ್ರೆಯ ದಂಡೆಯ ಕಳಸದಲ್ಲಿ ಕಳಸೇಶ್ವರನ ದೇವಸ್ಥಾನ ನೋಡಿ, ಸುಮಾರು 8 ಕಿಲೋಮೀಟರ್ ದೂರದ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ದರ್ಶನ ಮಾಡಿ ಅಲ್ಲೇ ಪ್ರಸಾದದ ಊಟ ಮಾಡಿ. ಸಂಜೆ ಸಂಸೆಯ ಚಹಾ ತೋಟಗಳ ಬದಿಯಲ್ಲಿ ನಡೆದು ಬನ್ನಿ. ರಾತ್ರಿ ಬೇಗ ಮಲಗಿ.

*ಎರಡನೆಯ ದಿನ, ಶಿಖರ.* ಸಂಸೆಯ ಕಡೆಯಿಂದ ಮುಳ್ಳೋಡಿವರೆಗೆ ಜೀಪಿನ ದಾರಿ. ರಸ್ತೆ ಕೆಟ್ಟಿರುವುದರಿಂದ ಸ್ವಂತ ಕಾರು ಒಯ್ಯಬೇಡಿ. ಅಲ್ಲಿಂದ ಹೋಗಿ ಬರಲು ಒಟ್ಟು ಸುಮಾರು 20 ಕಿಲೋಮೀಟರ್ ನಡಿಗೆ, ಏಳರಿಂದ ಒಂಬತ್ತು ಗಂಟೆ ಹಿಡಿಯುತ್ತದೆ. ಮೊದಲ ಭಾಗ ಕಾಡು, ಹಳ್ಳ, ಮತ್ತೆ ಕಾಡು. ಒಂಟಿಮರ ಎಂಬ ಜಾಗ ದಾಟಿದ ಮೇಲೆ ದಾರಿ ಹುಲ್ಲಿನ ಏಣಿಗೆ ಬಿಚ್ಚಿಕೊಳ್ಳುತ್ತದೆ. ಕೊನೆಯ ಏರು ಕಡಿದು. ಮೇಲೆ ನಿಂತರೆ ಪಶ್ಚಿಮಕ್ಕೆ ಗುಡ್ಡ ನೇರ ಕೆಳಗಿಳಿದು ಬೆಳ್ತಂಗಡಿಯ ಬಯಲು ಕಾಣುತ್ತದೆ; ಆಕಾಶ ತಿಳಿಯಾಗಿದ್ದರೆ ಆಚೆ ಅರಬ್ಬೀ ಸಮುದ್ರದ ಗೆರೆಯೂ. ಅಂಚಿಗೆ ಹೋಗಬೇಡಿ. ಅಲ್ಲಿನ ಗಾಳಿ ಎಚ್ಚರಿಕೆ ಕೊಟ್ಟು ಬೀಸುವುದಿಲ್ಲ. ಮೇಲೆ ರಾತ್ರಿ ತಂಗುವಂತಿಲ್ಲ.

ಒಮ್ಮೆ ನಾವು ಅರ್ಧ ಏಣು ದಾಟುವಷ್ಟರಲ್ಲಿ ಮಂಜು ಬಂದು ಹತ್ತು ಹೆಜ್ಜೆ ಮುಂದಿನದು ಕಾಣದಂತಾಯಿತು. ಶಿಖರ ಇನ್ನೇನು ಸಿಕ್ಕಿತೆಂದು ನಾನು ಅವಸರಪಟ್ಟೆ. ಜೊತೆಗಿದ್ದ ಊರಿನ ಗೈಡ್ ಬಂಡೆಯೊಂದರ ಮರೆಯಲ್ಲಿ ಕೂತುಬಿಟ್ಟರು. “ಕೂತ್ಕಳಿ ಸಾರ್, ಗುಡ್ಡ ಎಲ್ಲಿಗೂ ಹೋಗಲ್ಲ. ಮಂಜು ಹೋದ್ರೆ ಹತ್ತಾಣ, ಹೋಗ್ಲಿಲ್ಲಾಂದ್ರೆ ಇಳಿಯಾಣ” ಎಂದರು. ಮುಕ್ಕಾಲು ಗಂಟೆ ಕಾದೆವು. ಮಂಜು ಸರಿಯಲಿಲ್ಲ, ಇಳಿದೆವು. ಇಳಿಯುವಾಗ ಶೋಲಾದ ಅಂಚಿನಲ್ಲಿ, ಪಾಚಿ ಹೊದ್ದ ಕಲ್ಲುಗಳ ನಡುವೆ ಬೆರಳಷ್ಟು ದಪ್ಪದ ನೀರು ಹೊರಡುವ ಜಾಗವನ್ನು ಅವರು ತೋರಿಸಿದರು. ಶಿಖರ ಏರಿದ ದಿನಗಳಿಗಿಂತ ಆ ದಿನವೇ ನನಗೆ ಹೆಚ್ಚು ನೆನಪಿದೆ. ಅಂದಿನಿಂದ ನನ್ನದೊಂದು ಕಟ್ಟಳೆ: ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ಸರಿ, ಹಿಂದಿರುಗುವುದು.

*ಮೂರನೆಯ ದಿನ, ಇಳಿಜಾರಿನ ದಾರಿ.* ಕುದುರೆಮುಖದಿಂದ ಕಾರ್ಕಳದ ಕಡೆ ಹೊರಡಿ. ರಸ್ತೆ ಬದಿಯಲ್ಲೇ ಕಡಾಂಬಿ ಜಲಪಾತ ಸಿಗುತ್ತದೆ. ಮುಂದೆ ಹನುಮನಗುಂಡಿ; ಸೂತನಬ್ಬಿ ಎಂಬುದು ಅದರ ಹಳೆಯ ಹೆಸರು. ಟಿಕೆಟ್ ಪಡೆದು ಮೆಟ್ಟಿಲಿಳಿದು ಹೋಗಬೇಕು. ಇಳಿದಷ್ಟೇ ಹತ್ತಬೇಕೆಂಬುದು ಮಂಡಿನೋವಿನವರ ನೆನಪಿನಲ್ಲಿರಲಿ. ಘಟ್ಟ ಇಳಿದರೆ ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ, 42 ಅಡಿ ಎತ್ತರದ ಗೊಮ್ಮಟ.

ಮೂರೂ ನದಿಗಳ ಮೂಲವೆಂದು ಜನ ಪೂಜಿಸುವ ಗಂಗಾಮೂಲ ವರಾಹ ಪರ್ವತದ ಕಾಡಿನಲ್ಲಿದೆ. ಅಲ್ಲಿಗೆ ಯಾರು ಬೇಕಾದರೂ ನುಗ್ಗುವಂತಿಲ್ಲ. ಇಲಾಖೆಯವರು ಬಿಟ್ಟರೆ ಮಾತ್ರ ಹೋಗಿ, ಬೇಡವೆಂದರೆ ರಸ್ತೆಯಿಂದಲೇ ಕೈಮುಗಿದು ಮುಂದೆ ಹೋಗಿ.

ಮಕ್ಕಳು, ಹಿರಿಯರು ಜೊತೆಗಿದ್ದರೆ

ಮುಖ್ಯ ಶಿಖರ ಹತ್ತು ವರ್ಷದೊಳಗಿನ ಮಕ್ಕಳಿಗೂ ನಡೆದು ಅಭ್ಯಾಸವಿಲ್ಲದವರಿಗೂ ಹೇಳಿಸಿದ್ದಲ್ಲ. ಕುರಿಂಜಾಲು, ಗಂಗಡಿಕಲ್ಲುಗಳಂಥ ಚಿಕ್ಕ ಚಾರಣಗಳನ್ನು ವಿಚಾರಿಸಿ. ಶೃಂಗೇರಿಯ ಕಡೆ ಇರುವವರು ಕಿಗ್ಗದ ಋಷ್ಯಶೃಂಗನ ದೇವಸ್ಥಾನ, ಸಿರಿಮನೆ ಜಲಪಾತ ನೋಡಬಹುದು. ಗಟ್ಟಿ ಕಾಲಿನವರು ಅಲ್ಲಿಂದ ನರಸಿಂಹ ಪರ್ವತಕ್ಕೆ ಅನುಮತಿ ಪಡೆದು ಏರಬಹುದು. ಅಜ್ಜ ಅಜ್ಜಿಯರಿಗೆ ಹೋಂಸ್ಟೇಯ ಜಗಲಿಯಲ್ಲಿ ಕೂತು ಎದುರಿನ ಗುಡ್ಡದ ಮೇಲೆ ಮೋಡ ಆಡುವುದನ್ನು ನೋಡುವುದೇ ಒಂದು ಪ್ರವಾಸ.

ಚೀಲದಲ್ಲಿ ಏನಿರಬೇಕು?

- ಹಿಡಿತವಿರುವ, ಈಗಾಗಲೇ ಹಾಕಿ ಪಳಗಿದ ಬೂಟು. ಹೊಸ ಬೂಟು ಕಾಲು ಕಚ್ಚುತ್ತದೆ.
- ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಎರಡು ಜೊತೆ ಕಾಲುಚೀಲ.
- ಯಾವ ತಿಂಗಳಾದರೂ ಒಂದು ಮಳೆಕೋಟು. ಗಾಳಿಯಲ್ಲಿ ಕೊಡೆ ನಿಲ್ಲುವುದಿಲ್ಲ.
- ಒಬ್ಬರಿಗೆ ಎರಡು ಲೀಟರ್ ನೀರು, ಮತ್ತೆ ಮತ್ತೆ ತುಂಬಿಸಬಹುದಾದ ಬಾಟಲಿಯಲ್ಲಿ.
- ಬುತ್ತಿ ಸ್ಟೀಲ್ ಡಬ್ಬಿಯಲ್ಲಿ. ಜೊತೆಗೆ ಕಡಲೆಮಿಠಾಯಿ, ಬಾಳೆಹಣ್ಣು, ಉಪ್ಪು-ಸಕ್ಕರೆಯ ಓಆರ್‌ಎಸ್ ಪೊಟ್ಟಣ.
- ಟಾರ್ಚು, ಬ್ಯಾಂಡೇಜು, ನಿಮ್ಮ ದಿನನಿತ್ಯದ ಮಾತ್ರೆಗಳು.
- ಕಸ ತುಂಬಿ ವಾಪಸು ತರಲು ಒಂದು ಚೀಲ.

ಗುಡ್ಡದ ಹಳ್ಳದ ನೀರು ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬೇಡಿ. ಮೇಲೆ ದನವೋ ಕಾಟಿಯೋ ಇಳಿದಿರಬಹುದು.

ಇಂಬಳ, ಉಣ್ಣೆ, ಹಾವು

ಮಳೆಗಾಲದಲ್ಲಿ ಇಂಬಳ ತಪ್ಪಿದ್ದಲ್ಲ. ಮಲೆನಾಡಿನವರು ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿಕೊಳ್ಳುತ್ತಾರೆ. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿಕೊಂಡರೂ ಅರ್ಧ ಕೆಲಸ ಆಗುತ್ತದೆ. ಕಚ್ಚಿದ್ದನ್ನು ಗಾಬರಿಯಿಂದ ಎಳೆದು ಕೀಳಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಮೆಲ್ಲಗೆ ಅದರ ಬಾಯಿ ಸರಿಸಿ, ಗಾಯ ತೊಳೆದು ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಹೆದರಬೇಕಾದ್ದೇನಿಲ್ಲ.

ಹೆದರಬೇಕಾದದ್ದು ಉಣ್ಣೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹರಡುವುದು ಇದೇ. ಡಿಸೆಂಬರಿನಿಂದ ಮೇವರೆಗೆ ಮಲೆನಾಡಿನಲ್ಲಿ ಇದರ ಕಾಲ. ಒಣ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಆರೋಗ್ಯ ಇಲಾಖೆ ಕಾಡಂಚಿನ ಜನರಿಗೆ ಹಂಚುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಕಾಡಿನಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಮರಳಿದ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿ ಬಂದದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಊರಿನ ವೈದ್ಯರಿಗೆ ಅದು ತಾನಾಗಿ ಹೊಳೆಯಲಿಕ್ಕಿಲ್ಲ.

ಹಾವುಗಳ ವಿಷಯದಲ್ಲಿ ಕಣ್ಣೇ ರಕ್ಷಣೆ. ಹಸಿರು, ಕಂದು ಬಣ್ಣದ ಗುಳಿಮಂಡಲಗಳು ಪೊದೆಯಲ್ಲಿ, ಬಂಡೆಯ ಮೇಲೆ ಎಲೆಯಂತೆ ಅಲುಗದೆ ಕೂತಿರುತ್ತವೆ. ನೋಡದೆ ಕೊಂಬೆ ಹಿಡಿಯಬೇಡಿ, ಬಂಡೆಗೆ ಕೈ ಊರಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು ಆಸ್ಪತ್ರೆಗೆ ಸಾಗಿಸುವುದೊಂದೇ ದಾರಿ.

ತವರಿನಲ್ಲಿ ನಡೆದುಕೊಳ್ಳುವ ರೀತಿ

ಕಾಡಿನಲ್ಲಿ ಸ್ಪೀಕರ್ ಬೇಡ. ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಒಯ್ಯಲೇಬೇಡಿ. ಒಣಹುಲ್ಲಿಗೆ ಬಿದ್ದ ಒಂದು ಕಿಡಿ ಇಡೀ ಗುಡ್ಡ ಸುಡುತ್ತದೆ. ದಾರಿ ಬಿಟ್ಟು ಹುಲ್ಲಿನ ಮೇಲೆ ಅಡ್ಡ ನಡೆದರೆ ಆ ಕಾಲುಹಾದಿ ಮುಂದಿನ ಮಳೆಗೆ ಕೊರಕಲಾಗುತ್ತದೆ. ಹಳ್ಳದಲ್ಲಿ ಸೋಪು, ಶ್ಯಾಂಪೂ ಹಾಕಿ ಸ್ನಾನ ಮಾಡಬೇಡಿ. ರಸ್ತೆಯಲ್ಲಿ ಮಂಗಗಳಿಗೆ ಬಾಳೆಹಣ್ಣು, ಚಿಪ್ಸ್ ಎಸೆಯಬೇಡಿ: ತಿನಿಸಿನ ಆಸೆಗೆ ಮರ ಬಿಟ್ಟು ರಸ್ತೆಗಿಳಿದ ಮಂಗ ಸಾಯುವುದು ಗಾಲಿಯಡಿ.

ಕೊನೆಯದಾಗಿ ಕಸದ ಮಾತು. ಕುದುರೆಮುಖದ ಇಳಿಜಾರಿನಲ್ಲಿ ಎಸೆದ ಪ್ಲಾಸ್ಟಿಕ್ ಮಳೆಗೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರುತ್ತದೆ. ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ಹಂಪಿಯ ಕಲ್ಲುಗಳ ನಡುವೆ ಹರಿದು ಕೃಷ್ಣೆಯನ್ನು ಸೇರುತ್ತಾರೆ. ನೇತ್ರಾವತಿ ಧರ್ಮಸ್ಥಳದ ಮಗ್ಗುಲಲ್ಲಿ ಹಾದು ಮಂಗಳೂರಿನಲ್ಲಿ ಕಡಲು ಕೂಡುತ್ತಾಳೆ. ದಾರಿಯುದ್ದಕ್ಕೂ ಕೋಟ್ಯಂತರ ಜನ ಆ ನೀರನ್ನೇ ಕುಡಿಯುತ್ತಾರೆ, ಆ ನೀರಿನಲ್ಲೇ ಭತ್ತ ಬೆಳೆಯುತ್ತಾರೆ. ಅವರಲ್ಲಿ ನಿಮ್ಮ ಮನೆಯೂ ಇರಬಹುದು. ಒಯ್ದ ಡಬ್ಬಿ, ಬಾಟಲಿ, ಕವರುಗಳಷ್ಟನ್ನೂ ಎಣಿಸಿ ವಾಪಸು ತನ್ನಿ. ದಾರಿಯಲ್ಲಿ ಬೇರೆಯವರು ಬಿಟ್ಟ ಒಂದು ಬಾಟಲಿ ಕಂಡರೆ ಅದನ್ನೂ ನಿಮ್ಮ ಚೀಲಕ್ಕೆ ಹಾಕಿಕೊಳ್ಳಿ.